ನೀಲಗಂಗಜ್ಜಿಯ ಸಾವಿರದ ಇನ್ನೂರು

ನಿಂತಗಾಲದ ನೂರ ತೊಂಬತ್ತನೆಯ ದಿನ, 2187
ಕಂಬದೋಣಿ, ಕಪ್ಪತಗುಡ್ಡ

ಪೂಜ್ಯ ನೀಲಗಂಗಜ್ಜಿಯವರಿಗೆ, ನಿಮ್ಮ ಏಳನೆಯ ತಲೆಮಾರಿನ ದಾನೇಶ್ವರಿಯ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡೇ ಭಾಗ. ಗುಡ್ಡದ ಮೇಲೆ ಗಾಳಿ ಬಿಡದೆ ಬೀಸುವ ಐದು ತಿಂಗಳು ಗಾಳಿಗಾಲ, ಉಳಿದದ್ದು ನಿಂತಗಾಲ. ರಜೆ, ಮದುವೆ, ಶಾಲೆ ಎಲ್ಲವನ್ನೂ ಈ ಎರಡರಲ್ಲೇ ಎಣಿಸುತ್ತೇವೆ. ಹೀಗೆ ನಿಮಗೆ ಗೊತ್ತಿಲ್ಲದ ಇನ್ನೂ ಕೆಲವು ಮಾತುಗಳು ಈ ಕಾಗದದಲ್ಲಿ ಬರುತ್ತವೆ. ಅದಕ್ಕೆ ಕ್ಷಮಿಸಬೇಕು, ಅಲ್ಲಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದಕ್ಕೆ ಅರ್ಧ ಕಾರಣ ನೀವು.

ಹಿಂದಂಚೆ ಎಂಬ ಒಂದು ಕಚೇರಿ ನಮ್ಮಲ್ಲಿದೆ. ಮನೆಗೊಂದರಂತೆ, ಜೀವಮಾನದಲ್ಲಿ ಒಂದು ಕಾಗದವನ್ನು ಸತ್ತ ಹಿರಿಯರ ಕಾಲಕ್ಕೆ ಕಳಿಸಲು ಅವರು ಒಪ್ಪುತ್ತಾರೆ. ಮುಟ್ಟುತ್ತದೆಯೇ ಎಂದು ಕೇಳಿದರೆ ಅಲ್ಲಿನ ಗುಮಾಸ್ತ ತಲೆ ತುರಿಸಿಕೊಳ್ಳುತ್ತಾನೆ. ಜನ ಸಾಮಾನ್ಯವಾಗಿ ಈ ಅವಕಾಶವನ್ನು ಅಜ್ಜನಿಗೆ ಕೃತಜ್ಞತೆ ಹೇಳಲು, ಇಲ್ಲವೆ ಕಳೆದುಹೋದ ಮನೆದೇವರ ಹೆಸರು ಕೇಳಲು ಬಳಸುತ್ತಾರೆ. ನಾನು ಊಟದ ಲೆಕ್ಕಕ್ಕೆ ಬಳಸುತ್ತಿದ್ದೇನೆ. ನಿಮಗೆ ಅರವತ್ತೊಂದು ತುಂಬಿದ ವರ್ಷಕ್ಕೆ, ಬೆಟಗೇರಿಯ ನಿಮ್ಮ ಹೊಲಿಗೆ ಅಂಗಡಿಯ ವಿಳಾಸಕ್ಕೆ ಬರೆದಿದ್ದೇನೆ. ಆ ವರ್ಷ ನನಗೆ ಹೇಗೆ ಗೊತ್ತಾಯಿತು ಎಂಬುದೇ ಈ ಕಾಗದದ ಕಥೆ.

ಮೊದಲು ನನ್ನ ಕೆಲಸ ಹೇಳುತ್ತೇನೆ. ನಿಮ್ಮ ಕಾಲದಲ್ಲೇ ಈ ಗುಡ್ಡದ ಮೇಲೆ ಗಾಳಿಕಂಬಗಳು ಬಂದಿದ್ದವಂತೆ. ಈಗ ಅವು ಜೋಳದ ಹೊಲದಷ್ಟು ದಟ್ಟವಾಗಿವೆ, ಒಂದೊಂದೂ ನೂರ ನಲವತ್ತು ಮೀಟರ್ ಎತ್ತರ. ನಾನು ರೆಕ್ಕೆ ತೊಳೆಯುವವಳು. ಗಾಳಿಗಾಲದಲ್ಲಿ ರೆಕ್ಕೆಗಳ ಅಂಚಿಗೆ ಕೆಮ್ಮಣ್ಣು ಮತ್ತು ಹುಳಗಳ ಅಂಟು ಹೆಪ್ಪುಗಟ್ಟುತ್ತದೆ. ನಿಂತಗಾಲದಲ್ಲಿ ನಾವು ಕಂಬದೊಳಗಿನ ಏಣಿ ಹತ್ತಿ, ತುದಿಯಿಂದ ಹಗ್ಗದಲ್ಲಿ ಇಳಿದು, ಜೋತಾಡುತ್ತ ಅದನ್ನು ಕೆರೆದು ತೊಳೆಯುತ್ತೇವೆ. ಇದನ್ನು ಯಂತ್ರಕ್ಕೆ ಎರಡು ಸಲ ಕೊಟ್ಟು ನೋಡಿದರು. ಎರಡು ಸಲವೂ ಯಂತ್ರ ರೆಕ್ಕೆಯ ಮೈಯನ್ನೇ ಕೆರೆಯಿತು. ಹಾಗಾಗಿ ಕೆಲಸ ಮತ್ತೆ ನಮ್ಮ ಕೈಗೆ ಬಂತು. ದಿನಕ್ಕೆ ಎರಡು ಕಂಬ. ಪ್ರತಿಯೊಬ್ಬರಿಗೂ ಒಬ್ಬ ಹಗ್ಗಜೋಡಿ ಇರುತ್ತಾರೆ, ಅಂದರೆ ನಾವು ಜೋತಾಡುವಾಗ ನಮ್ಮ ಪಕ್ಕದ ಹಗ್ಗದಲ್ಲಿ ಜೋತಾಡುವವರು. ನನ್ನ ಹಗ್ಗಜೋಡಿ ಮೆಹಬೂಬಿ. ಹದಿಮೂರು ವರ್ಷ ನಾವಿಬ್ಬರೂ ಒಂದೇ ಕಂಬದ ಎರಡು ಹಗ್ಗ. ಅವಳ ಮದುವೆಯಾಗಿದ್ದು, ನನ್ನ ಗಂಡ ತೀರಿಕೊಂಡಿದ್ದು, ಎಲ್ಲ ಆ ಎತ್ತರದಲ್ಲೇ ಮಾತಾಡಿ ಮುಗಿಸಿದ ಸಂಗತಿಗಳು.

ಈ ನಿಂತಗಾಲದ ಮೊದಲ ದಿನ ಕಂಬಮಂಡಳಿಯಿಂದ ಒಂದು ಸುತ್ತೋಲೆ ಬಂತು. ಹಗ್ಗ ಬದಲಾಗಿದೆ, ಹೊಸ ಹಗ್ಗಕ್ಕೆ ಹೊಸ ಮಿತಿ. ಎಂಬತ್ತು ಕಿಲೋ ಮೀರಿದವರು ಅದರಲ್ಲಿ ಇಳಿಯುವಂತಿಲ್ಲ. ಮೀರಿದವರಿಗೆ ನೂರ ಇಪ್ಪತ್ತು ದಿನದ ಗಡುವು, ಆಮೇಲೆ ನೆಲದ ಕೆಲಸ. ನಾನು ತಕ್ಕಡಿ ಹತ್ತಿದೆ. ಎಂಬತ್ತೆಂಟು.

ಅಜ್ಜಿ, ಒಬ್ಬ ಹೆಂಗಸು ತೂಕ ಇಳಿಸಬೇಕು ಎಂದು ಬಾಯಿಬಿಟ್ಟು ಹೇಳಿದರೆ ಆಗುವ ಅನಾಹುತ ನಿಮ್ಮ ಕಾಲದಲ್ಲೂ ಇದೇ ಇತ್ತೇ? ಕಂಬದೋಣಿಯಲ್ಲಿ ಇನ್ನೂರು ಮನೆಗಳಿವೆ, ಇನ್ನೂರು ಉಪಾಯ ಬಂದವು. ಓಣಿ ಅಡಿಗೆಮನೆಯಲ್ಲಿ ಬಡಿಸುವವನು, ಅಂದರೆ ಇಡೀ ಓಣಿಗೆ ಒಟ್ಟಿಗೆ ಬೇಯಿಸುವ ಕಡೆ ಸೌಟು ಹಿಡಿಯುವವನು, ನನಗೆ ಪಾಚಿ ಚಟ್ನಿ ಬಿಟ್ಟು ಬೇರೇನೂ ಬೇಡ ಎಂದು ತಾನೇ ತೀರ್ಮಾನಿಸಿ ರೊಟ್ಟಿ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡ. ಮೆಹಬೂಬಿ ಸಂಜೆಯ ಊಟ ಬಿಡು ಎಂದಳು, ಅವಳ ಅತ್ತೆ ಮುಂಜಾನೆಯದನ್ನು ಬಿಡು ಎಂದಳು. ಇಬ್ಬರ ಮಾತೂ ಕೇಳಿದರೆ ನನಗೆ ಉಳಿಯುವುದು ನೀರು. ನನ್ನ ಲೆಕ್ಕದ ಬಳೆ ಇದೆ, ದಿನಕ್ಕೆ ಎಷ್ಟು ಕ್ಯಾಲೊರಿ ಖರ್ಚಾಯಿತೆಂದು ಮಣಿಕಟ್ಟಿನ ಮೇಲೆ ತೋರಿಸುವ ವಸ್ತು. ಅದನ್ನು ಕಂಬ ಹತ್ತುವಾಗ ತೆಗೆದಿಡಬೇಕು, ಮೇಲಿನ ಯಂತ್ರದ ಹತ್ತಿರ ಅದು ಕೆಟ್ಟುಹೋಗುತ್ತದೆ. ಹಾಗಾಗಿ ನಾನು ಬೆವರು ಸುರಿಸುವ ಏಳು ತಾಸು ಅದು ಕಂಬದ ಬುಡದ ಪೆಟ್ಟಿಗೆಯಲ್ಲಿ ತಣ್ಣಗೆ ಮಲಗಿರುತ್ತದೆ, ಸಂಜೆ ಕೈಗೇರಿ ‘ನೀವು ಇಂದು ಹೆಚ್ಚು ಓಡಾಡಲಿಲ್ಲ’ ಎಂದು ತಿಳಿಹೇಳುತ್ತದೆ. ಅದನ್ನು ಗೋಡೆಗೆ ಎಸೆಯದೆ ಉಳಿಸಿಕೊಂಡದ್ದು ನನ್ನ ಪುಣ್ಯ.

ಇಷ್ಟಾದ ಮೇಲೆ ನನ್ನ ಅವ್ವ ಬಾಯಿ ತೆರೆದಳು. ಅವ್ವನ ಹೆಸರು ಶಿವಗಂಗವ್ವ, ಅರವತ್ತಾರು ವರ್ಷ, ನಾನು ಒಬ್ಬಳೇ ಮಗಳು. ಅವಳು ದೇವರ ಜಗುಲಿಯ ಕಡೆ ಕೈ ತೋರಿಸಿದಳು.

“ಊರ ಮಂದಿನ್ನೆಲ್ಲಾ ಕೇಳ್ಕೋತ ಯಾಕ ತಿರಗ್ತಿ? ಹಿರೇರು ಬರದಿಟ್ಟದ್ದು ಕಣ್ಣ ಮುಂದ ಐತಿ.”

ಅಲ್ಲಿ ಇರುವುದು ನೀವು, ಅಜ್ಜಿ. ನಿಮ್ಮ ಫೋಟೋ ನಮ್ಮಲ್ಲಿ ಉಳಿದಿಲ್ಲ. ಉಳಿದದ್ದು ಅಂಗೈ ಅಗಲದ ಒಂದು ಚೌಕಟ್ಟು. ಗಾಜಿನ ಹಿಂದೆ ಹಳದಿಯಾದ ಕಾಗದ, ಅದರ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ 1200, ಸುತ್ತ ಎರಡು ಸಲ ತಿದ್ದಿದ ವೃತ್ತ, ಕೆಳಗೆ ‘ಇದನ್ನು ದಾಟಬಾರದು’ ಎಂದು ನಿಮ್ಮ ಅಕ್ಷರ. ಸೋಮವಾರಕ್ಕೊಮ್ಮೆ ಅವ್ವ ಅದಕ್ಕೆ ವಿಭೂತಿ ಹಚ್ಚುತ್ತಾಳೆ. ನಮ್ಮ ವಂಶದ ಹೆಣ್ಣುಮಕ್ಕಳಿಗೆ ಸಾವಿರದ ಇನ್ನೂರು ಒಂದು ವ್ರತ. ಮೈ ದಪ್ಪವಾಯಿತೋ, ಹೆರಿಗೆಯಾಗಿ ಹೊಟ್ಟೆ ಇಳಿಯಲಿಲ್ಲವೋ, ಮದುವೆಯ ಸೀರೆಗೆ ನಿರಿಗೆ ಸಾಲಲಿಲ್ಲವೋ, ದಿನಕ್ಕೆ ಸಾವಿರದ ಇನ್ನೂರು ಕ್ಯಾಲೊರಿ, ಒಂದು ತುತ್ತೂ ಹೆಚ್ಚಿಲ್ಲ. ಮಾಡಿ ಮುಗಿಸಿದವರು ಗಟ್ಟಿಗಿತ್ತಿಯರು. ನಡುವೆ ಬಿಟ್ಟವರಿಗೆ ನಾಲಿಗೆ ಸಡಿಲ ಎಂಬ ಹೆಸರು, ಅದು ಸಾಯುವವರೆಗೆ ಹೋಗುವುದಿಲ್ಲ. ನಮ್ಮ ಚಿಕ್ಕಮ್ಮನೊಬ್ಬಳು ತೀರಿಕೊಂಡು ಒಂಬತ್ತು ವರ್ಷವಾಯಿತು, ಇನ್ನೂ ಅವಳನ್ನು ‘ಆ ನಾಲಿಗಿ ಸಡಲ ಗೌರವ್ವ’ ಎಂದೇ ನೆನೆಯುತ್ತಾರೆ.

ನನಗೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಆದರೆ ಇನ್ನೂರು ಜನರ ಇನ್ನೂರು ಮಾತು ಕೇಳಿ ತಲೆ ಕೆಟ್ಟವಳಿಗೆ ಬರೆದಿಟ್ಟ ಒಂದು ಅಂಕಿ ಸಿಕ್ಕರೆ ಅದು ಎಷ್ಟು ಹಿತವಾಗಿ ಕಾಣುತ್ತದೆ ಗೊತ್ತೇ? ನಾಲ್ಕು ಅಂಕೆ, ಒಂದು ವೃತ್ತ. ವಾದವಿಲ್ಲ. ನಾನು ಅದನ್ನು ಹಿಡಿದುಕೊಂಡೆ.

ಮುಂಜಾನೆ ಒಂದು ಜೋಳದ ರೊಟ್ಟಿ, ಒಂದು ಚಮಚ ಹಿಂಡಿ ಪಲ್ಯ. ಮಧ್ಯಾಹ್ನ ಎರಡು ರೊಟ್ಟಿ, ಒಂದು ಬಟ್ಟಲು ಹೆಸರುಕಾಳು, ಮಜ್ಜಿಗೆ. ಸಂಜೆ ಅರ್ಧ ಬಟ್ಟಲು ನವಣೆ ಅನ್ನ, ಸೊಪ್ಪಿನ ಸಾರು, ಗುಬ್ಬಿ ಗುಟುಕಿನಷ್ಟು ಶೇಂಗಾ ಚಟ್ನಿ. ಅವ್ವ ರೊಟ್ಟಿಯ ಹಿಟ್ಟನ್ನು ತಕ್ಕಡಿಯಲ್ಲಿ ತೂಗಿ ಬಡಿಯುತ್ತಿದ್ದಳು. ಎಣ್ಣೆಯ ಚಮಚವನ್ನು ಬೆರಳಿನಿಂದ ಸವರಿ ಸಮ ಮಾಡುತ್ತಿದ್ದಳು. ಹದಿನಾಲ್ಕು ದಿನಕ್ಕೆ ಮೂರೂವರೆ ಕಿಲೋ ಇಳಿಯಿತು. ಅವ್ವ ಓಣಿಯಲ್ಲಿ ಎದೆಯುಬ್ಬಿಸಿ ನಡೆದಳು. ಹೀಗೇ ಹೋದರೆ ನೂರ ಇಪ್ಪತ್ತು ದಿನ ಯಾಕೆ, ನಲವತ್ತು ಸಾಕು ಎಂದು ನಾನೂ ಲೆಕ್ಕ ಹಾಕಿದೆ.

ಮೂರನೆಯ ವಾರ ತಕ್ಕಡಿ ನಿಂತಿತು. ನನಗೆ ಮಾತ್ರ ಎಲ್ಲ ಶುರುವಾಯಿತು. ಸುಡುಬಿಸಿಲಿನಲ್ಲಿ ಚಳಿ. ಬಾಚಿದರೆ ಕೈತುಂಬ ಕೂದಲು. ಮೆಹಬೂಬಿ ಏನಾದರೂ ತಮಾಷೆ ಮಾಡಿದರೆ ನಗುವ ಬದಲು ಅಳು. ಬ್ರಷ್ ಎರಡು ಸಲ ಕೈಜಾರಿ ಕೆಳಗೆ ಬಿತ್ತು, ಹದಿಮೂರು ವರ್ಷದಲ್ಲಿ ನನ್ನ ಕೈಯಿಂದ ಏನೂ ಬಿದ್ದಿರಲಿಲ್ಲ. ಇಪ್ಪತ್ತೆರಡನೆಯ ದಿನ ಮಧ್ಯಾಹ್ನ, ಸಾಮಾನಿನ ಕೋಣೆಯಲ್ಲಿ ಯಾರದೋ ಡಬ್ಬಿಯಲ್ಲಿದ್ದ ಶೇಂಗಾ ಉಂಡೆ ಆರೂ ತಿಂದುಬಿಟ್ಟೆ. ನಿಂತುಕೊಂಡೇ ತಿಂದೆ, ರುಚಿ ಏನೆಂದು ಇವತ್ತಿಗೂ ನೆನಪಿಲ್ಲ. ಮನೆಗೆ ಬಂದು ಅವ್ವನಿಗೆ ಹೇಳಿದೆ, ಮುಚ್ಚಿಡುವುದು ನನಗೆ ಬರುವುದಿಲ್ಲ.

ಅವ್ವ ಹಿಟ್ಟಿನ ತಕ್ಕಡಿ ಪಕ್ಕಕ್ಕೆ ಸರಿಸಿದಳು. “ನಿನಗೂ ಸಡಲ ಆತಲ್ಲ ನಾಲಿಗಿ” ಎಂದಳು.

ಅದಕ್ಕೆ ಪ್ರಾಯಶ್ಚಿತ್ತವೆಂದು ಮರುದಿನ ಒಂಬೈನೂರಕ್ಕೆ ಇಳಿಸಿದೆ. ಅದರ ಮರುದಿನವೂ ಅಷ್ಟೇ. ಅಜ್ಜಿ, ಈ ಜಾಗಕ್ಕೆ ಬಂದಾಗ ನನಗೆ ನಿಮ್ಮ ಮೇಲಿನ ಸಿಟ್ಟಿಗಿಂತ ನನ್ನ ಮೇಲೇ ಹೆಚ್ಚು ಸಿಟ್ಟು ಬರುತ್ತದೆ. ಮೂವತ್ತೆಂಟು ವರ್ಷದ ಹೆಂಗಸು, ಗಂಟು ಹಾಕುವ ಮುಂಚೆ ಹಗ್ಗವನ್ನು ಮೂರು ಸಲ ಎಳೆದು ನೋಡುವವಳು, ತನ್ನ ಮೈಯನ್ನು ಒಂದು ಸಲವೂ ಎಳೆದು ನೋಡಲಿಲ್ಲ.

ಇಪ್ಪತ್ತೈದನೆಯ ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾವು ಮೂವತ್ತೊಂದನೆಯ ಕಂಬದ ಮೇಲಿದ್ದೆವು. ರೆಕ್ಕೆಯ ನಡುಭಾಗ ಕೆರೆಯುತ್ತಿದ್ದೆ. ಕಿವಿಯಲ್ಲಿ ಜೀರುಂಡೆಯಂಥ ಸದ್ದು ಬಂತು, ಗುಡ್ಡದ ಅಂಚಿನಿಂದ ಒಳಗಿನವರೆಗೆ ಬೆಳಕು ಬತ್ತುತ್ತ ಬಂದಂತೆ ಕಂಡಿತು. ಮುಂದಿನದು ಮೆಹಬೂಬಿ ಹೇಳಿದ್ದು. ನಾನು ತಲೆ ಹಿಂದಕ್ಕೆ ಚೆಲ್ಲಿ ಬಿದ್ದೆನಂತೆ. ಸೊಂಟಪಟ್ಟಿ ಹಿಡಿಯಿತು, ಆದರೆ ಇಳಿಯುವ ಹಗ್ಗದ ಮೇಲಿನ ನನ್ನ ಕೈ ಸಡಿಲವಾಗಿ ನಾನು ಜಾರತೊಡಗಿದೆ. ಹಗ್ಗವನ್ನು ತಾನಾಗಿ ಬಿಗಿಹಿಡಿಯುವ ಕೊಂಡಿಗೆ ಕೆಮ್ಮಣ್ಣು ತುಂಬಿತ್ತು. ಅದನ್ನು ಆ ಬೆಳಿಗ್ಗೆ ಒರೆಸಬೇಕಾದವಳು ನಾನೇ, ಮರೆತಿದ್ದೆ. ಮೆಹಬೂಬಿ ತನ್ನ ಹಗ್ಗದಿಂದ ಈಚೆ ತೂಗಿ ಬಂದು ನನ್ನ ಹಗ್ಗವನ್ನು ಬಲಗೈಯಲ್ಲಿ ಹಿಡಿದು ಮುಷ್ಟಿ ಕಟ್ಟಿದಳು. ಹಗ್ಗ ನಿಲ್ಲುವ ಮುಂಚೆ ಅವಳ ಕೈಗವಸನ್ನೂ ಅಂಗೈಯನ್ನೂ ಸುಡುತ್ತ ಎರಡು ಮೀಟರ್ ಹೋಯಿತು.

ನನಗೆ ಎಚ್ಚರವಾದಾಗ ಅವಳ ಮುಖ ನನ್ನ ಮುಖಕ್ಕೆ ಅಂಟಿಕೊಂಡಂತೆ ಇತ್ತು.

“ನನ್ ಕಡಿ ನೋಡು. ಕಣ್ಣ ಮುಚ್ಚಬ್ಯಾಡ. ಮುಂಜಾನಿ ಏನ್ ತಿಂದೀ?”

“ಅರ್ಧಾ ರೊಟ್ಟಿ.”

“ಅರ್ಧಾ ರೊಟ್ಟಿ ತಿಂದು ಕಂಬ ಏರ್ಯಾಳ” ಎಂದು ಅವಳು ಯಾರಿಗೋ ಹೇಳುವಂತೆ ಹೇಳಿದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ. “ನಿನಗ ಸಾಯೂದಿದ್ರ ನೆಲದ ಮ್ಯಾಲೆ ಸಾಯಿ ದಾನಿ. ನನ್ ಮುಂದ ಬ್ಯಾಡ.”

ಕೆಳಗಿನವರು ರಾಟೆ ಕಟ್ಟಿ ನಮ್ಮಿಬ್ಬರನ್ನೂ ಇಳಿಸಲು ಒಂದು ತಾಸು ಹಿಡಿಯಿತು. ಆ ಒಂದು ತಾಸು ಅವಳು ನನ್ನ ಹಗ್ಗ ಬಿಡಲಿಲ್ಲ.

ನಮ್ಮನ್ನು ಓಣಿಯ ಆರೋಗ್ಯ ಮನೆಗೆ ಒಯ್ದರು. ಮೆಹಬೂಬಿಯ ಕೈಗೆ ಒಳಗಡೆ ಪಟ್ಟಿ ಕಟ್ಟುತ್ತಿದ್ದರು. ನನ್ನ ಎದುರು ಬಂದು ಕೂತವರು ಪಥ್ಯದಕ್ಕೋರು, ಅಂದರೆ ಯಾರು ಏನು ಎಷ್ಟು ತಿನ್ನಬೇಕೆಂದು ನೋಡುವವರು. ಹೆಸರು ಪದ್ಮಾ ಕಡಕೋಳ. ಸಣ್ಣ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ, ಬೆಳಗಿನಿಂದ ಸಂಜೆಯವರೆಗೆ ಇಂಥವೇ ಕಥೆ ಕೇಳಿ ಕೇಳಿ ಬೇಸತ್ತ ಮುಖ. ನಾನು ತಿಂದದ್ದನ್ನೆಲ್ಲ ಬರೆದುಕೊಂಡು ಪೆನ್ನು ಕೆಳಗಿಟ್ಟರು.

“ಸಾವಿರದ ಇನ್ನೂರಂತ ಯಾರ್ ಹೇಳಿದ್ರು ನಿಮಗ?”

“ಹಿರೇರ ಲೆಕ್ಕ ರೀ ಅದು.”

“ಯಾವ ಹಿರೇರು? ಅವರ ತೂಕ ಎಷ್ಟಿತ್ತು? ಎಷ್ಟು ಎತ್ತರ ಇದ್ರು? ಅವರೂ ಕಂಬ ಏರ್ತಿದ್ರೇನು?”

ನಾನು ಬಾಗಿಲ ಕಡೆ ತಿರುಗಿದೆ. ಅವ್ವ ಅಲ್ಲಿ ನಿಂತಿದ್ದಳು. ಅಕ್ಕೋರು ಕಾಗದ ಎಳೆದುಕೊಂಡು ನನ್ನ ಮುಂದೆಯೇ ಲೆಕ್ಕ ಹಾಕಿದರು. ತೂಕವನ್ನು ಹತ್ತರಿಂದ ಗುಣಿಸಿದರು, ಎಂಟುನೂರ ನಲವತ್ತು. ಎತ್ತರ ನೂರ ಅರವತ್ತೆಂಟು ಸೆಂಟಿಮೀಟರ್, ಅದನ್ನು ಆರೂಕಾಲರಿಂದ ಗುಣಿಸಿದರು, ಸಾವಿರದ ಐವತ್ತು. ಎರಡನ್ನೂ ಕೂಡಿಸಿ ವಯಸ್ಸಿನ ಐದರಷ್ಟನ್ನು ಕಳೆದರು, ಹೆಂಗಸಾದ್ದಕ್ಕೆ ಇನ್ನೊಂದು ನೂರ ಅರವತ್ತೊಂದು ಕಳೆದರು. ಉಳಿದದ್ದು ಸಾವಿರದ ಐನೂರ ಮೂವತ್ತೊಂಬತ್ತು.

“ಇದು ನೀವು ದಿನಾ ಪೂರ್ತಿ ಹಾಸಿಗ್ಯಾಗ ಬಿದ್ದಿದ್ರೂ ಮೈಗೆ ಬೇಕಾಗೋದು” ಎಂದರು. “ಉಸುರು ಆಡ್ಲಿಕ್ಕೆ, ಎದಿ ಬಡೀಲಿಕ್ಕೆ. ನೀವು ಇಷ್ಟೂ ಕೊಟ್ಟಿಲ್ಲ ಅದಕ್ಕ. ಮ್ಯಾಲೆ ದಿನಾ ಎರಡು ಕಂಬ ಏರಿಸೀರಿ.”

ಕಂಬದ ಕೆಲಸಕ್ಕೆಂದು ಅದನ್ನು ಒಂದು ಪಾಯಿಂಟ್ ಏಳರಿಂದ ಗುಣಿಸಿದರು. ಎರಡು ಸಾವಿರದ ಆರುನೂರು ಚಿಲ್ಲರೆ. ಅದರಲ್ಲಿ ಐನೂರು ಕಳೆದರು. ‘2100’ ಎಂದು ಬರೆದು ನನ್ನ ಕಡೆ ತಳ್ಳಿದರು. ವಾರಕ್ಕೆ ಅರ್ಧ ಕಿಲೋ ಇಳಿಯಬೇಕು, ಅದಕ್ಕಿಂತ ಬೇಗ ಇಳಿದರೆ ಅವರಿಗೆ ಬಂದು ಹೇಳಬೇಕು, ನಾಲ್ಕು ಕಿಲೋ ಇಳಿದ ಮೇಲೆ ಹೊಸದಾಗಿ ಲೆಕ್ಕ ಹಾಕಬೇಕು. ಹದಿನೈದು ದಿನ ಕಂಬ ಏರುವಂತಿಲ್ಲ, ಆ ಹದಿನೈದು ದಿನಕ್ಕೆ ಬೇರೆ ಅಂಕಿ.

ಅವ್ವ ಒಳಗೆ ಬಂದಳು. “ಎರಡು ಸಾವಿರ ತಿಂದು ಯಾರರೆ ತೆಳ್ಳಗಾಗ್ತಾರೇನ್ರಿ? ನಮ್ಮ ಮನಿತನದಾಗ ಏಳು ತಲಿ ಇದನ್ನ ನಡಸ್ಕೊಂಡು ಬಂದೀವಿ.”

“ಹಂಗಾರ ಆ ಬರದದ್ದು ತರ್ರಿ ಇಲ್ಲಿ. ನಾನೂ ನೋಡ್ತೀನಿ.”

ಅವ್ವ ಹೋಗಿ ತಂದಳು, ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಅಕ್ಕೋರು ಚೌಕಟ್ಟನ್ನು ತಿರುಗಿಸಿ, ಹಿಂದಿನ ತಗಡಿನ ಮೊಳೆಗಳನ್ನು ಕತ್ತರಿಯಿಂದ ಒಂದೊಂದಾಗಿ ಎತ್ತಿದರು. ಅವ್ವ ತಡೆಯಲು ಕೈ ಚಾಚಿ ಮತ್ತೆ ಹಿಂದಕ್ಕೆ ತೆಗೆದುಕೊಂಡಳು. ಗಾಜಿನ ಹಿಂದೆ ಕಂಡದ್ದು ಇಡೀ ಕಾಗದವಾಗಿರಲಿಲ್ಲ. ಚೌಕಟ್ಟಿಗೆ ಹಿಡಿಸಲೆಂದು ಯಾರೋ ಅದನ್ನು ಮೂರು ಮಡಿಕೆ ಮಾಡಿದ್ದರು. ಅಕ್ಕೋರು ಬಿಡಿಸಿ, ನಿಧಾನವಾಗಿ ಓದಿದರು.

‘ನೀಲಗಂಗಾ, ವಯಸ್ಸು 61. ತೂಕ 74. ಎತ್ತರ 147 ಸೆಂ.ಮೀ. ಮೊಣಕಾಲು ನೋವು. ದಿನವಿಡೀ ಹೊಲಿಗೆ ಮಷಿನ್ ಮುಂದೆ ಕುಳಿತ ಕೆಲಸ. ದಿನದ ಖರ್ಚು 1430. ಡಾಕ್ಟರು ಹೇಳಿದ್ದು: ಮೂರು ತಿಂಗಳು ಮಾತ್ರ. ಆಮೇಲೆ ತೂಕ ನೋಡಿ ಬೇರೆ ಲೆಕ್ಕ. ತಲೆ ತಿರುಗಿದರೆ ತಕ್ಷಣ ನಿಲ್ಲಿಸುವುದು.’ ಕೆಳಗೆ ತಾರೀಖು, 2026ರದು.

ಅಕ್ಕೋರು ಕನ್ನಡಕ ತೆಗೆದು ಒರೆಸಿಕೊಂಡರು. “ಲೆಕ್ಕ ಸರಿ ಐತಿ” ಎಂದರು. “ಈ ಅಮ್ಮಾರಿಗೆ ಸರಿ ಐತಿ.”

ಅಜ್ಜಿ, ನನಗೆ ಆಗ ಬಂದ ಸಿಟ್ಟನ್ನು ಹೇಗೆ ಬರೆಯಲಿ? ನನ್ನ ಗದ್ದದೆತ್ತರಕ್ಕೆ ಬರುವ ಒಬ್ಬ ಹೆಂಗಸು, ಮೊಣಕಾಲು ನೋವಿಗೆಂದು, ಮೂರು ತಿಂಗಳಿಗೆಂದು ಬರೆದುಕೊಂಡ ಚೀಟಿ. ನೂರ ಅರವತ್ತು ವರ್ಷದಿಂದ ನಾವು ಅದರ ಕೈಕಾಲು ಮಡಚಿ, ಬರೀ ಹಣೆಯನ್ನು ಪೂಜಿಸುತ್ತ ಬಂದಿದ್ದೇವೆ. ಓದಲು ಬಾರದವರು ಮಾಡಿದ್ದರೆ ಒಪ್ಪಬಹುದಿತ್ತು. ನಮ್ಮಲ್ಲಿ ಶಾಲೆ ಮೇಷ್ಟ್ರುಗಳಿದ್ದರು. ಒಬ್ಬಳು ಲೆಕ್ಕದಲ್ಲಿ ಪದಕ ತೆಗೆದುಕೊಂಡವಳು. ಅವಳೂ ಇದನ್ನು ಪಾಲಿಸಿದಳಂತೆ. ನಾನು ಅವ್ವನ ಕಡೆ ತಿರುಗಿದೆ. ಬಾಯಿಗೆ ಬಂದದ್ದೆಲ್ಲ ಅಂದುಬಿಡಬೇಕು ಎಂದುಕೊಂಡೇ ತಿರುಗಿದೆ.

ಅವ್ವ ನೆಲದ ಮೇಲೆ ಕೂತಿದ್ದಳು.

“ನೀ ಹುಟ್ಟಿದ ಮೂರನೇ ತಿಂಗಳಿಗೆ ನಮ್ಮವ್ವ ನನ್ನ ಇದರ ಮ್ಯಾಲೆ ಕೂಡಿಸಿದ್ಲು” ಎಂದಳು. “ಹೊಟ್ಟಿ ಇಳದಿರಲಿಲ್ಲ ನನಗ. ಹಾಲು ಕಡಿಮಿ ಆಗ್ಕೋತ ಬಂತು. ಹಸಿವು ತಡೀಲಾರದ ನಾ ಬೆಲ್ಲ ಕದ್ದು ತಿಂತಿದ್ದೆ. ಗಡಿಗ್ಯಾಗ ಕೈ ಹಾಕಿ, ಬಾಯಿ ಒರಸ್ಕೊಂಡು ಬರ್ತಿದ್ದೆ. ಆಮ್ಯಾಲೆ ಹಾಲು ಪೂರಾ ನಿಂತುಬಿಡ್ತು. ವ್ರತ ಕೆಡಿಸಿದ್ದಕ್ಕ ಹಿಂಗಾತು ಅನ್ಕೊಂಡೆ. ಮೂವತ್ತೆಂಟು ವರ್ಷ ಅದನ್ನ ಯಾರ ಮುಂದೂ ಆಡಿಲ್ಲ ನಾ.”

ಪಥ್ಯದಕ್ಕೋರು ಕುರ್ಚಿಯಿಂದ ಇಳಿದು ಅವಳ ಪಕ್ಕ ನೆಲದ ಮೇಲೇ ಕೂತರು.

“ಅವ್ವಾರ, ಬಾಣಂತಿಗೆ ಇದರ ಎರಡರಷ್ಟು ಬೇಕಾಗ್ತೈತಿ. ಹಾಲು ನಿಂತದ್ದು ನೀವು ತಿಂದದ್ದಕ್ಕಲ್ಲ. ತಿನ್ನಲಾರದ್ದಕ್ಕ. ಆ ಬೆಲ್ಲಾನೇ ನಿಮ್ಮ ಜೀವ ಹಿಡದಿದ್ದು.”

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನೂ ಹೋಗಿ ಅವಳ ಇನ್ನೊಂದು ಪಕ್ಕದಲ್ಲಿ ನೆಲಕ್ಕೆ ಕೂತೆ. ನನ್ನನ್ನು ಎದುರುಮನೆಯ ಹೆಂಗಸು ಹಾಲುಣಿಸಿ ಬೆಳೆಸಿದಳೆಂದು ನನಗೆ ಗೊತ್ತಿತ್ತು, ಯಾಕೆಂದು ಎಂದೂ ಕೇಳಿರಲಿಲ್ಲ. ಆ ದಿನ ಸಂಜೆ ಮನೆಯಲ್ಲಿ ಅವ್ವ ಹಿಟ್ಟು ತೂಗದೆ ರೊಟ್ಟಿ ಬಡಿದಳು. ಇಬ್ಬರೂ ಒಂದೇ ತಾಟಿನಲ್ಲಿ ಉಂಡೆವು. ತೂಗಿ ತಿನ್ನುವುದನ್ನು ನಾಳೆಯಿಂದ ಶುರುಮಾಡಿದರಾಯಿತು ಎಂದು ನಾನೂ ಸುಮ್ಮನಾದೆ.

ಇನ್ನು ನಂತರದ್ದು. ಎರಡು ಸಾವಿರದ ನೂರನ್ನು ತಿನ್ನುವುದು ಸಾವಿರದ ಇನ್ನೂರನ್ನು ತಿನ್ನುವುದಕ್ಕಿಂತ ಕಷ್ಟ ಎಂದರೆ ನೀವು ನಂಬುವುದಿಲ್ಲ. ಹಸಿವಿನಲ್ಲಿ ಒಂದು ಹೆಮ್ಮೆ ಇರುತ್ತದೆ, ಅದು ಹೋಯಿತು. ಮೊದಲ ವಾರವೇ ತಕ್ಕಡಿ ಒಂದೂವರೆ ಕಿಲೋ ಮೇಲೇರಿತು. ನಾನು ತಕ್ಕಡಿಯನ್ನೇ ಅಕ್ಕೋರ ಮುಂದೆ ಹೊತ್ತೊಯ್ದು ಜಗಳವಾಡಿದೆ. “ಅದು ನೀರು, ಹೋಗ್ರಿ” ಎಂದು ಅವರು ತಲೆಯನ್ನೂ ಎತ್ತಲಿಲ್ಲ. ಆಮೇಲೆ ಇಳಿಯಿತು. ಒಂದು ವಾರ ಆರುನೂರು ಗ್ರಾಂ, ಒಂದು ವಾರ ಇನ್ನೂರು, ಒಂದು ವಾರ ಏನೂ ಇಲ್ಲ. ಓಣಿಯವರು ನನ್ನ ತಾಟು ನೋಡಿ ನಗುತ್ತಿದ್ದರು, ಬಡಿಸುವವನು ಪ್ರತಿದಿನ ‘ಇಷ್ಟೂ ನಿಮಗೇ ಏನ್ರಿ?’ ಎಂದು ಕೇಳುತ್ತಿದ್ದ. ಪ್ರತಿದಿನ. ನನ್ನ ಕೈಯಿಂದ ಮಾತ್ರ ಮತ್ತೆ ಬ್ರಷ್ ಬೀಳಲಿಲ್ಲ.

ನೂರ ಇಪ್ಪತ್ತನೆಯ ದಿನ ಮಂಡಳಿಯ ತಕ್ಕಡಿ ಹತ್ತಿದಾಗ ಎಂಬತ್ತು ಕಿಲೋ ಏಳುನೂರು ಗ್ರಾಂ. ಏಳುನೂರು ಗ್ರಾಂ ಅಂದರೆ ನನ್ನ ಎರಡು ಬೂಟು. ಮೇಲ್ವಿಚಾರಕರಿಗೆ ಹಾಗೆಂದೇ ಹೇಳಿದೆ. ಅವರು ನನ್ನ ಬರಿಗಾಲು ನೋಡಿ, “ಬೂಟು ಮೊದಲೇ ಬಿಚ್ಚೀರಿ” ಎಂದರು. ನೆಲದ ಕೆಲಸಕ್ಕೆ ಹಾಕಿದರು. ಒಂದು ತಿಂಗಳು ಕಂಬದ ಬುಡದಲ್ಲಿ ಬಕೆಟ್ಟು ತುಂಬಿದೆ. ಆ ತಿಂಗಳು ನೆಲದ ಕೆಲಸಕ್ಕೆ ತಕ್ಕಂತೆ ಅಕ್ಕೋರು ಮತ್ತೆ ಅಂಕಿ ತಿದ್ದಿದರು. ನೂರ ಐವತ್ತೆರಡನೆಯ ದಿನ ಎಪ್ಪತ್ತೊಂಬತ್ತೂವರೆ. ಈಗ ಮೇಲೆ ಹೋಗುತ್ತಿದ್ದೇನೆ.

ಮೆಹಬೂಬಿ ಹೋಗುತ್ತಿಲ್ಲ. ಅವಳ ಅಂಗೈಯ ಚರ್ಮ ಕೂಡಿಕೊಂಡಿತು, ಆದರೆ ಎರಡು ಬೆರಳು ಪೂರ್ತಿ ಮಡಚುವುದಿಲ್ಲ, ಹಗ್ಗದ ಹಿಡಿತ ಬರುವುದಿಲ್ಲ. ಅವಳೀಗ ಕೆಳಗೆ ರಾಟೆ ತಿರುಗಿಸುತ್ತಾಳೆ. ನಾನು ಕ್ಷಮೆ ಕೇಳಲು ಹೋದ ಮೊದಲ ಎರಡು ಸಲ ಬಾಗಿಲು ತೆರೆಯಲಿಲ್ಲ. ಮೂರನೆಯ ಸಲ ತೆರೆದು, “ಒಳಗ ಬಾ, ಆದ್ರ ಆ ಮಾತ ಎತ್ತಬ್ಯಾಡ” ಎಂದಳು. ಎತ್ತಿಲ್ಲ. ಮೊನ್ನೆ ನಾನು ಏಣಿಯ ಬುಡಕ್ಕೆ ಬಂದಾಗ ನನ್ನ ಬುತ್ತಿಯ ಮುಚ್ಚಳ ತೆಗೆದು ಒಳಗೆ ಇಣುಕಿ, ಸುಮ್ಮನೆ ಮುಚ್ಚಿ ಕೈಗೆ ಕೊಟ್ಟಳು. ಅಷ್ಟಕ್ಕೇ ನನಗೆ ಮೇಲೆ ಹೋಗುವಷ್ಟೂ ಹೊತ್ತು ಕಣ್ಣು ಮಂಜಾಗಿತ್ತು.

ನಮ್ಮ ಮನೆಯ ಸುದ್ದಿ ಕೇಳಿದರೆ ನಿಮಗೂ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಹದಿನೈದು ದಿನದ ಹಿಂದೆ ಅವ್ವ ಅಕ್ಕೋರ ಚೀಟಿಯಲ್ಲಿದ್ದ 2100 ಅನ್ನು ದಪ್ಪ ಅಕ್ಷರದಲ್ಲಿ ಬರೆಸಿಕೊಂಡು ಬಂದು, ವಿಭೂತಿ ಹಚ್ಚಿ, ಜಗುಲಿಯ ಮೇಲಿಟ್ಟಳು. ಅದನ್ನು ನೋಡಿ ಪಕ್ಕದ ಮನೆಯ ಬಸಮ್ಮ, ಎಪ್ಪತ್ತು ವರ್ಷದವಳು, ಕುರ್ಚಿ ಬಿಟ್ಟು ಏಳದವಳು, ನಾನೂ ಇಷ್ಟೇ ತಿಂದು ತೆಳ್ಳಗಾಗುತ್ತೇನೆ ಎಂದು ಶುರುಮಾಡಿದ್ದಾಳೆ. ನಾನು ಅವ್ವನ ಜೊತೆ ಎರಡು ದಿನ ಜಗಳವಾಡಿದೆ. ಕೊನೆಗೆ ಪೆನ್ನು ತೆಗೆದುಕೊಂಡು ಆ ಅಂಕಿಯ ಎದೆಯ ಮೇಲೇ ಬರೆದೆ: ದಾನೇಶ್ವರಿ, 38, ಎಂಬತ್ನಾಲ್ಕು ಕಿಲೋ, ಕಂಬದ ಕೆಲಸ, ಈ ನಿಂತಗಾಲಕ್ಕೆ ಮಾತ್ರ. ಅವ್ವ ನೋಡಿ, ಅಂದ ಕೆಟ್ಟಿತು ಎಂದಳು.

ನಿಮಗೆ ನನ್ನ ಕೋರಿಕೆ ದೊಡ್ಡದಲ್ಲ. ಆ ಚೀಟಿ ಬರೆಯುವಾಗ ಅಂಕಿಯನ್ನು ಅಷ್ಟು ದೊಡ್ಡದು ಮಾಡಬೇಡಿ, ನಿಮ್ಮ ಹೆಸರನ್ನು ಅದಕ್ಕಿಂತ ದೊಡ್ಡದಾಗಿ ಬರೆಯಿರಿ. ವೃತ್ತ ಎಳೆಯಲೇಬೇಕೆಂದರೆ ‘ಮೂರು ತಿಂಗಳು’ ಎಂಬುದರ ಸುತ್ತ ಎಳೆಯಿರಿ. ಕೆಲಸ ಮುಗಿದ ಮೇಲೆ ಒಲೆಗೆ ಹಾಕಿಬಿಟ್ಟರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು ಉಳಿದಿದೆ. ಏಳು ತಲೆಮಾರು ನಿಮ್ಮ ಅಂಕಿ ಹಿಡಿದು ಬದುಕಿದೆವು, ನಿಮ್ಮ ಮೊಣಕಾಲು ನೋವು ಕಡಿಮೆಯಾಯಿತೇ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಮೂರು ತಿಂಗಳು ಕಳೆದ ಮೇಲೆ ನೀವು ಮತ್ತೆ ಡಾಕ್ಟರ ಹತ್ತಿರ ಹೋದಿರೋ ಇಲ್ಲವೋ, ಬೇರೆ ಲೆಕ್ಕ ಹಾಕಿಸಿಕೊಂಡಿರೋ, ಅಥವಾ ನೀವೂ ನಮ್ಮ ಹಾಗೆ ಹೆದರಿ ಅದಕ್ಕೇ ಅಂಟಿಕೊಂಡಿರೋ, ಮಡಿಕೆಯ ಒಳಗೆ ಅದೊಂದೂ ಇಲ್ಲ. ಇದನ್ನು ಬರೆಯುವ ಹೊತ್ತಿಗೆ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಮಷಿನ್ ನಿಲ್ಲಿಸಿ, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುವ ಒಬ್ಬ ಗಿಡ್ಡ ಹೆಂಗಸು ಮಾತ್ರ ಕಣ್ಣೆದುರು ಬರುತ್ತಾಳೆ.

ನಾಲ್ಕನೆಯ ತಿಂಗಳ ಮೊದಲ ದಿನ ಮರೆಯದೆ ಹೋಗಿ ತೂಗಿಸಿಕೊಳ್ಳಿ, ಅಜ್ಜಿ. ಮನೆಗೆ ಬಂದು, ಕೂತು, ಹೊಟ್ಟೆ ತುಂಬ ಉಣ್ಣಿ.

ನಿಮ್ಮ,
ದಾನೇಶ್ವರಿ